ಮೋಟಾರ್ ವೈಂಡಿಂಗ್ ಅಂಗಡಿಗೆ ಸ್ವಂತ ಸಿಸ್ಟಂ ಮಾಡಿಸಿದೆವು: ಏನು ಅನುಕೂಲ ಆಯ್ತು, ಎಲ್ಲಿ ಎಡವಿದೆವು

ಮೋಟಾರ್ ಅಂಗಡಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. "ನಮ್ಮಂಥ ಸಣ್ಣ ವ್ಯಾಪಾರಕ್ಕೆ ಈ ವೆಬ್‌ಸೈಟು, ಸಾಫ್ಟ್‌ವೇರು ಎಲ್ಲ ಯಾಕೆ" ಅಂತ ಸುಮಾರು ಜನ ಕೇಳುತ್ತಾರೆ. ನಾನೂ ಹಾಗೇ ಕೇಳುತ್ತಿದ್ದೆ. ಈಗ ಒಂದು ವರ್ಷ ಬಳಸಿದ ಮೇಲೆ ನಮ್ಮ ಅನುಭವ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಪಿ.ಬಿ. ರಸ್ತೆ ಹತ್ತಿರ ಬೋರ್‌ವೆಲ್ ಮೋಟಾರ್ ವೈಂಡಿಂಗ್ ಅಂಗಡಿ. ಅಪ್ಪ ಶುರು ಮಾಡಿದ್ದು. ಈಗ ನಾನು, ನನ್ನ ತಮ್ಮ, ನಾಲ್ಕು ಜನ ಹುಡುಗರು ಇದ್ದೇವೆ. ಜಗಳೂರು, ಚನ್ನಗಿರಿ, ಹೊಳಲ್ಕೆರೆ, ಆ ಕಡೆ ಹರಪನಹಳ್ಳಿಯಿಂದಲೂ ರೈತರು ಸುಟ್ಟ ಮೋಟಾರ್ ತರುತ್ತಾರೆ. ಮೂರು ಫೇಸಿನಲ್ಲಿ ಒಂದು ಹೋದರೂ ಮೋಟಾರ್ ಓಡುತ್ತಲೇ ಇರುತ್ತದೆ, ಕಾಯುತ್ತದೆ, ವೈಂಡಿಂಗ್ ಸುಟ್ಟು ಹೋಗುತ್ತದೆ. ಫೆಬ್ರವರಿಯಿಂದ ಮೇ ತನಕ ನಮ್ಮ ಅಂಗಡಿ ಮುಂದೆ ಕಾಲಿಡಲು ಜಾಗ ಇರಲ್ಲ.

ನಮಗೆ ಗಿರಾಕಿ ಕಡಿಮೆ ಅಂತ ಯಾವತ್ತೂ ಅನಿಸಿಲ್ಲ. ತೊಂದರೆ ಇದ್ದದ್ದು ಫೋನಿನದು. "ಅಣ್ಣಾ, ಮೋಟ್ರು ಆತೇನ್ರಿ?" ಬೆಳಗ್ಗೆಯಿಂದ ಸಂಜೆ ತನಕ ಇದೇ ಪ್ರಶ್ನೆ. ಪಾಪ, ಅವರದೇನೂ ತಪ್ಪಿಲ್ಲ. ಹೊಲದಲ್ಲಿ ಬೆಳೆ ಒಣಗುತ್ತಿರುತ್ತದೆ. ಆದರೆ ಒಂದು ಕರೆ ಬಂದರೆ ತಮ್ಮ ವೈಂಡಿಂಗ್ ಬಿಟ್ಟು ಏಳಬೇಕು, ಸಾಲಾಗಿ ಮಲಗಿಸಿದ ಮೋಟಾರುಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹೆಸರು ಹುಡುಕಬೇಕು. ತೊಳೆದರೆ ಸೀಮೆಸುಣ್ಣ ಹೋಗುತ್ತದೆ, ಗ್ರೀಸ್ ಕೈ ತಗುಲಿದರೂ ಹೋಗುತ್ತದೆ.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಒಂದೇ ಕಂಪನಿಯ ಎರಡು ಏಳೂವರೆ ಎಚ್‌ಪಿ ಮೋಟಾರ್ ಅದಲುಬದಲು ಆದವು. ಜಗಳೂರಿನದು ಚನ್ನಗಿರಿಗೆ ಹೋಯಿತು, ಚನ್ನಗಿರಿಯದು ಜಗಳೂರಿಗೆ. ಗೊತ್ತಾಗುವಷ್ಟರಲ್ಲಿ ಇಬ್ಬರೂ ಪೈಪು ಕೂಡಿಸಿ ಬೋರಿಗೆ ಇಳಿಸಿಯಾಗಿತ್ತು. ಮತ್ತೆ ಎತ್ತಿ, ಮತ್ತೆ ಇಳಿಸಿದ ಖರ್ಚು ನಾವೇ ಕೊಟ್ಟೆವು. ದುಡ್ಡಿಗಿಂತ ಆ ಚನ್ನಗಿರಿ ಯಜಮಾನರು "ನಿಮ್ಮ ಅಪ್ಪನ ಕಾಲದಲ್ಲಿ ಹೀಗೆ ಆಗಿರಲಿಲ್ಲ" ಅಂದದ್ದು ಮನಸ್ಸಿಗೆ ಬಹಳ ನೋವಾಯಿತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಸಿಸ್ಟಂ ಮಾಡಿಕೊಟ್ಟ ಹುಡುಗ ಮೊದಲು ಕಂಪ್ಯೂಟರ್ ತೆಗೆಯಲೇ ಇಲ್ಲ. ಎರಡು ದಿನ ಅಂಗಡಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತ. "ಅಣ್ಣ, ಫೋನ್ ಬಂದಾಗಲೆಲ್ಲ ಏನು ಕೇಳಿದರು ಅಂತ ಒಂದು ಗೀಟು ಹಾಕಿ" ಅಂದ. ಕ್ಯಾಲೆಂಡರ್ ಹಿಂದೆ ಹಾಕಿದೆವು. ಒಂದು ದಿನಕ್ಕೆ 43 ಕರೆ. ಅದರಲ್ಲಿ 31 "ಆತೇನ್ರಿ", 7 "ಎಷ್ಟಾಗತೈತಿ". ಹೊಸ ಗಿರಾಕಿ ಐದೇ ಜನ.

ಅಲ್ಲಿಂದ ಶುರುವಾಯಿತು. ಈಗ ಮೋಟಾರ್ ಇಳಿಸಿದ ತಕ್ಷಣ ಅಲ್ಯೂಮಿನಿಯಂ ಬಿಲ್ಲೆಗೆ ನಂಬರ್ ಪಂಚ್ ಹೊಡೆದು, ತಾಮ್ರದ ತಂತಿಯ ತುಂಡಿನಲ್ಲಿ ಮೋಟಾರಿಗೆ ಕಟ್ಟುತ್ತೇವೆ. ಅದೇ ನಂಬರು ಫೋನಿನಲ್ಲಿ ಹಾಕುತ್ತೇವೆ, ಜೊತೆಗೆ ರೈತರ ಹೆಸರು, ಊರು, ಫೋನ್ ನಂಬರ್ ಮತ್ತು ಒಂದು ಫೋಟೋ. ಆಮೇಲೆ ಐದು ಹಂತ: ಬಂತು, ಬಿಚ್ಚಿದೆವು, ರೇಟು ಹೇಳಿದೆವು, ವೈಂಡಿಂಗ್ ನಡೀತಿದೆ, ಟೆಸ್ಟ್ ಆಯ್ತು. ಹುಡುಗರು ಬರೀ ಬಟನ್ ಒತ್ತಬೇಕು. ರೈತರಿಗೆ ಮೆಸೇಜ್ ಹೋಗುತ್ತದೆ, ಲಿಂಕ್ ಒತ್ತಿದರೆ ಅವರ ಮೋಟಾರ್ ಎಲ್ಲಿಗೆ ಬಂದಿದೆ ಕಾಣುತ್ತದೆ. ಸುಟ್ಟ ವೈಂಡಿಂಗಿನ ಫೋಟೋ ಕೂಡ ಹಾಕುತ್ತೇವೆ. ರೇಟಿನ ಜಗಳ ಅರ್ಧ ಅಲ್ಲೇ ಮುಗಿಯುತ್ತದೆ, ಯಾಕೆಂದರೆ ಕಪ್ಪಾದ ತಂತಿ ಕಣ್ಣಿಗೆ ಕಾಣುತ್ತದೆ ಅಲ್ವಾ.

ಈ ಬೇಸಿಗೆಯಲ್ಲಿ ಒಂದೂ ಮೋಟಾರ್ ಅದಲುಬದಲು ಆಗಲಿಲ್ಲ. ತಮ್ಮ ಮಧ್ಯಾಹ್ನ ಕೂತು ಊಟ ಮಾಡುತ್ತಾನೆ.

ಚೌಕಿಪೇಟೆ ಬಟ್ಟೆ

ಓದಿ ಖುಷಿಯಾಯಿತು ಅಣ್ಣ. ಆದರೆ ಒಂದು ಮಾತು. ನಮ್ಮದು ಹೋಲ್‌ಸೇಲ್ ಬಟ್ಟೆ. ಹೊಸ ಮಾಲು ಬಂದರೆ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ, ಹಳ್ಳಿ ಅಂಗಡಿಯವರು ಅಲ್ಲೇ ಆರ್ಡರ್ ಹೇಳುತ್ತಾರೆ, ಸಂಜೆ ಬಸ್ಸಿಗೆ ಬಂಡಲ್ ಹಾಕುತ್ತೇವೆ. ಇಷ್ಟಕ್ಕೆ ಯಾಕೆ ದುಡ್ಡು ಕೊಟ್ಟು ಸಿಸ್ಟಂ ಮಾಡಿಸಬೇಕು?

ಮೋಟಾರ್ ಅಂಗಡಿ, ದಾವಣಗೆರೆ

ಮಾಡಿಸಬೇಡಿ ಅಕ್ಕ. ವಾಟ್ಸಾಪಿನಲ್ಲಿ ನಡೀತಿದೆ ಅಂದರೆ ನಡೆಯಲಿ. ಆದರೆ ಒಂದು ವಾರ ಗಮನಿಸಿ: ಒಂದೇ ಪೀಸನ್ನು ಇಬ್ಬರಿಗೆ "ಇದೆ" ಅಂದದ್ದು ಎಷ್ಟು ಸಲ, ಯಾರ ಬಾಕಿ ಎಷ್ಟು ಅಂತ ಹಳೇ ಮೆಸೇಜ್ ಮೇಲೆ ಮೇಲೆ ಎಳೆದು ಹುಡುಕಿದ್ದು ಎಷ್ಟು ಸಲ. ಅದು ಜಾಸ್ತಿಯಾದ ದಿನ ಯೋಚನೆ ಮಾಡಿ.

ಚೌಕಿಪೇಟೆ ಬಟ್ಟೆ

ಉದ್ರಿ ಬಾಕಿ ವಿಷಯ ಕೇಳಲೇಬೇಡಿ. ನಿನ್ನೆ ರಾತ್ರಿ ಹನ್ನೊಂದರ ತನಕ ಅದೇ ಕೆಲಸ.

ದುರ್ಗದ ಪ್ರೋಗ್ರಾಮರ್

ನಾನು ಚಿತ್ರದುರ್ಗದವನು, ಇಂಥದ್ದೇ ಕೆಲಸ ಮಾಡುತ್ತೇನೆ. ಅಣ್ಣ ಹೇಳಿದ್ದರಲ್ಲಿ ಬಹಳ ಮುಖ್ಯವಾದ ಮಾತು ಆ ಅಲ್ಯೂಮಿನಿಯಂ ಬಿಲ್ಲೆ. ಎಷ್ಟೋ ಕಡೆ ಸಾಫ್ಟ್‌ವೇರ್ ಚೆನ್ನಾಗಿಯೇ ಇರುತ್ತದೆ, ಆದರೆ ಕಂಪ್ಯೂಟರಿನಲ್ಲಿರುವ ನಂಬರಿಗೂ ನೆಲದ ಮೇಲಿರುವ ವಸ್ತುವಿಗೂ ಸಂಬಂಧವೇ ಇರಲ್ಲ. ಆಗ ಸಿಸ್ಟಂ ಒಂದು ಹೇಳುತ್ತದೆ, ಗೋದಾಮಿನಲ್ಲಿ ಇನ್ನೊಂದು ಇರುತ್ತದೆ. ಎರಡು ತಿಂಗಳಿಗೆ ಎಲ್ಲರೂ ಮತ್ತೆ ನೋಟ್‌ಬುಕ್ಕಿಗೆ ಹೋಗುತ್ತಾರೆ.

ನಮ್ಮ ಕಡೆಯ ಕೆಲಸದಲ್ಲಿ ನಾನು ಪೆಟ್ಟು ತಿಂದು ಕಲಿತ ಕೆಲವು ವಿಷಯ ಹೇಳುತ್ತೇನೆ.

ಮೊದಲನೆಯದು ಹೆಸರು ಹುಡುಕುವುದು. ನಾಯಕನಹಟ್ಟಿ ಸೀಮೆಯ ಗಿರಾಕಿಗಳಿದ್ದರೆ ತಿಪ್ಪೇಸ್ವಾಮಿ ಅನ್ನುವ ಹೆಸರು ಎಷ್ಟು ಜನರಿಗಿದೆ ಅಂತ ಗೊತ್ತೇ ಇದೆ. ಅದನ್ನು ಒಬ್ಬ ಗುಮಾಸ್ತ ಇಂಗ್ಲಿಷಿನಲ್ಲಿ ಟಿ ಇಂದ ಬರೆದರೆ ಇನ್ನೊಬ್ಬ ಟಿ ಎಚ್ ಇಂದ ಬರೆಯುತ್ತಾನೆ, ಮೂರನೆಯವನು ಕನ್ನಡದಲ್ಲಿ. ಹುಡುಕಿದರೆ ಮೂರು ಬೇರೆ ಜನ. ಅದಕ್ಕೆ ಹೆಸರಿನಿಂದ ಹುಡುಕುವುದು ಬಿಟ್ಟು ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಯಿಂದ ಹುಡುಕುವ ಹಾಗೆ ಮಾಡಿದೆ. ಅದರ ಪಕ್ಕದಲ್ಲಿ ಊರಿನ ಹೆಸರು ಕಾಣಬೇಕು.

ಎರಡನೆಯದು ನುಡಿ, ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫೈಲುಗಳು. ಆ ಕಾಲದ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಆದರೆ ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರಗಳ ರಾಶಿ. ಹಾಗೇ ವೆಬ್‌ಸೈಟಿಗೆ ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ಆದರೂ ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಹಳೇ ಫಾಂಟೇ ಓಡುತ್ತಿದೆ. ರೇಟ್ ಲಿಸ್ಟ್ ಕೊಡುವಾಗ ಯಾವುದರಲ್ಲಿ ಟೈಪ್ ಮಾಡಿಸಿದ್ದು ಅಂತ ಕೇಳಿಕೊಂಡು ಕೊಡಿ, ಪರಿವರ್ತನೆ ಮಾಡಿಕೊಳ್ಳಬಹುದು.

ಮೂರನೆಯದು ಎಸ್‌ಎಂಎಸ್. ಇದನ್ನು ಯಾರೂ ಮೊದಲೇ ಹೇಳಲ್ಲ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ ಸಿಗುತ್ತದೆ, ಕನ್ನಡದಲ್ಲಿ 70 ಮಾತ್ರ. ಆ 70ರಲ್ಲೂ ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. "ದಾವಣಗೆರೆ" ನಮ್ಮ ಕಣ್ಣಿಗೆ ಐದು ಅಕ್ಷರ, ಅಲ್ಲಿ ಎಂಟು. ಹಾಗಾಗಿ "ಮಾನ್ಯ ಗ್ರಾಹಕರೇ, ತಮ್ಮ ಮೋಟಾರಿನ ದುರಸ್ತಿ ಕಾರ್ಯವು ಪೂರ್ಣಗೊಂಡಿರುತ್ತದೆ" ಅಂತ ಶುರು ಮಾಡಿದರೆ ಒಂದು ಮೆಸೇಜಿಗೆ ಎರಡು ಮೂರರ ದುಡ್ಡು ಹೋಗುತ್ತದೆ. "ಮೋಟಾರ್ 412 ರೆಡಿ. ಬನ್ನಿ." ಸಾಕು. ರೈತರಿಗೂ ಅದೇ ಬೇಗ ಅರ್ಥವಾಗುತ್ತದೆ. ಮತ್ತೆ, ಟೆಲಿಕಾಂ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ ವ್ಯಾಪಾರದ ಎಸ್‌ಎಂಎಸ್ ಕಳಿಸುವವರು ಮೊಬೈಲ್ ಕಂಪನಿಗಳು ನಡೆಸುವ ಡಿಎಲ್‌ಟಿ ಅನ್ನುವ ನೋಂದಣಿ ಪೋರ್ಟಲಿನಲ್ಲಿ ಹೆಸರು, ಮೆಸೇಜಿನ ಮಾದರಿ, ಅದರೊಳಗಿನ ಲಿಂಕ್ ಎಲ್ಲ ಮೊದಲೇ ನೋಂದಾಯಿಸಬೇಕು. ಇಲ್ಲದಿದ್ದರೆ ಮೆಸೇಜ್ ಹೋಗಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ, ಉದ್ಘಾಟನೆಯ ಹಿಂದಿನ ದಿನ ನೆನಪಾದರೆ ಕಷ್ಟ.

ಇನ್ನೊಂದು, ಅಣ್ಣ, ನಿಮ್ಮ ಲಿಂಕಿನ ಕೊನೆಯಲ್ಲಿ ಬರೀ ಮೋಟಾರ್ ನಂಬರ್ ಇದೆಯಾ? ಇದ್ದರೆ 412 ತೆಗೆದು 413 ಹಾಕಿದರೆ ಬೇರೆಯವರ ಹೆಸರು, ಫೋನು ಕಾಣುತ್ತದೆ. ಒಮ್ಮೆ ನೋಡಿಕೊಳ್ಳಿ.

ಮೋಟಾರ್ ಅಂಗಡಿ, ದಾವಣಗೆರೆ

ಈಗಲೇ ನೋಡಿದೆ. ಹಾಗೇ ಇದೆ! 413 ಹಾಕಿದರೆ ಬಂತು. ನಮ್ಮ ಹುಡುಗನಿಗೆ ಫೋನ್ ಮಾಡಿದ್ದೇನೆ. ಬಹಳ ದೊಡ್ಡ ಉಪಕಾರ ಮಾಡಿದಿರಿ.

ತಿದ್ದುಪಡಿ, ರಾತ್ರಿ 9 ಗಂಟೆ: ಸರಿ ಮಾಡಿದ. ಈಗ ನಂಬರಿನ ಜೊತೆ ಊಹಿಸಲು ಬಾರದ ಉದ್ದನೆಯ ಅಕ್ಷರಗಳು ಬರುತ್ತವೆ. ಆ ಪುಟದಲ್ಲಿ ಫೋನ್ ನಂಬರ್ ತೋರಿಸುವುದನ್ನೂ ತೆಗೆಸಿದೆ, ಅವರ ನಂಬರು ಅವರಿಗೇ ಯಾಕೆ ತೋರಿಸಬೇಕು.

ಮಂಡಿ ಗುಮಾಸ್ತ

ನಾನು ಎಪಿಎಂಸಿ ದಲಾಲಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ಆನ್‌ಲೈನ್ ಅಂದರೆ ನಮಗೆ ಹೊಸದಲ್ಲ. ಕರ್ನಾಟಕದಲ್ಲಿ 2014ರಲ್ಲೇ ಏಕೀಕೃತ ಮಾರುಕಟ್ಟೆ ಶುರುವಾಯಿತು, ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ-ನಾಮ್ ಬಂದದ್ದು 2016ರ ಏಪ್ರಿಲ್‌ನಲ್ಲಿ. ಮೊದಲು ಖರೀದಿದಾರರು ರಾಶಿ ಹತ್ತಿರ ಬಂದು ಚೀಟಿಯಲ್ಲಿ ರೇಟು ಬರೆದು ಹಾಕುತ್ತಿದ್ದರು. ಈಗ ಗೇಟಿನಲ್ಲಿ ಲಾಟ್ ನಂಬರ್ ಬೀಳುತ್ತದೆ, ವ್ಯಾಪಾರಿಗಳು ಕಂಪ್ಯೂಟರಿನಲ್ಲಿ ರೇಟು ಹಾಕುತ್ತಾರೆ, ಹೊತ್ತು ಮುಗಿದ ಮೇಲೆ ಯಾರದು ಜಾಸ್ತಿ ಅಂತ ತಿಳಿಯುತ್ತದೆ. ಪಕ್ಕದ ಅಂಗಡಿಯವನು ಎಷ್ಟು ಬರೆದ ಅಂತ ಕದ್ದು ನೋಡಲು ಆಗಲ್ಲ. ರೈತರಿಗೆ ಇದರಿಂದ ಒಳ್ಳೆಯದೇ ಆಗಿದೆ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಆದರೆ ಅದು ಮಾರುಕಟ್ಟೆಯ ಸಿಸ್ಟಂ. ನಮ್ಮ ಅಂಗಡಿ ಒಳಗಿನ ಲೆಕ್ಕ ಅದಕ್ಕೆ ಗೊತ್ತಿಲ್ಲ. ಯಾವ ರೈತರಿಗೆ ಎಷ್ಟು ಖಾಲಿ ಚೀಲ ಕೊಟ್ಟಿದ್ದೇವೆ, ಎಷ್ಟು ವಾಪಸ್ ಬಂತು, ಹಮಾಲರಿಗೆ ವಾರದ ಕೂಲಿ ಎಷ್ಟು, ಯಾವ ಮೆಕ್ಕೆಜೋಳದ ರಾಶಿಯಲ್ಲಿ ತೇವ ಜಾಸ್ತಿ ಇತ್ತು, ಇದೆಲ್ಲ ಖಿರ್ದಿ ಪುಸ್ತಕದಲ್ಲೇ. ಅಕ್ಟೋಬರ್, ನವೆಂಬರ್‌ನಲ್ಲಿ ಜೋಳ ಬರುವಾಗ ನನಗೆ ತಲೆ ಎತ್ತಲು ಪುರುಸೊತ್ತು ಇರಲ್ಲ. ಚೀಲದ ಲೆಕ್ಕ ಒಂದನ್ನೇ ಮಾಡಿಕೊಟ್ಟರೂ ನನ್ನ ದೀಪಾವಳಿ ಹಗುರ ಆಗುತ್ತದೆ. ಹೊಸ ಖಾತೆ ಪುಸ್ತಕ ಪೂಜೆಗೆ ಇಡುವ ಹೊತ್ತಿಗೆ ಹಳೇದು ಮುಗಿದಿರಲ್ಲ, ಪ್ರತಿ ವರ್ಷ ಇದೇ ಸಂಕಟ.

ಒಂದು ಅನುಮಾನ. ಯಾರ್ಡಿನಲ್ಲಿ ಕರೆಂಟು, ನೆಟ್ಟು ಎರಡೂ ನಂಬುವ ಹಾಗಿಲ್ಲ. ಲಾರಿ ನಿಂತಿದೆ, ನೆಟ್ ಇಲ್ಲ ಅಂದರೆ ಏನು ಮಾಡುವುದು?

ದುರ್ಗದ ಪ್ರೋಗ್ರಾಮರ್

ಸರ್, ನೆಟ್ ಇಲ್ಲದಾಗ ಫೋನಿನೊಳಗೇ ಬರೆದಿಟ್ಟುಕೊಂಡು, ನೆಟ್ ಬಂದಾಗ ತಾನೇ ಕಳಿಸುವ ಹಾಗೆ ಮಾಡಬಹುದು. ಬ್ರೌಸರಿನಲ್ಲೇ ಆ ಸೌಲಭ್ಯ ಇದೆ, ಬೇರೆ ಆ್ಯಪ್ ಬೇಕಿಲ್ಲ. ಆದರೆ ಎಲ್ಲಕ್ಕೂ ಇದು ಆಗಲ್ಲ. ಚೀಲ ಎಷ್ಟು ಬಂತು ಅನ್ನುವುದಕ್ಕೆ ಆಗುತ್ತದೆ, ಯಾಕೆಂದರೆ ಹತ್ತು ನಿಮಿಷ ತಡವಾಗಿ ಸೇರಿದರೂ ಲೆಕ್ಕ ಕೆಡಲ್ಲ. ಒಂದೇ ವಸ್ತುವನ್ನು ಇಬ್ಬರು ಕೇಳುವ ಕಡೆ ಮಾತ್ರ ನೆಟ್ ಇಲ್ಲದೆ ಖಚಿತ ಹೇಳಲು ಬರಲ್ಲ. ಮಾಡಿಸುವಾಗ ಈ ಎರಡನ್ನೂ ಬೇರೆ ಬೇರೆ ಮಾಡಿ ಹೇಳಿ.

ಮೊಳಕಾಲ್ಮೂರು ಮಗ್ಗ

ನಮ್ಮದು ಅದೇ ಎರಡನೇ ಕಷ್ಟ ಸರ್. ಮನೆಯಲ್ಲಿ ಮೂರು ಮಗ್ಗ, ರೇಷ್ಮೆ ಸೀರೆ. ಮೊಳಕಾಲ್ಮೂರು ಸೀರೆಗೆ 2011ರಲ್ಲೇ ಜಿಐ, ಅಂದರೆ ಊರಿನ ಹೆಸರಿನ ಭೌಗೋಳಿಕ ಗುರುತು, ಸಿಕ್ಕಿದೆ, ಹೆಸರು ಕೇಳಿ ದೂರದಿಂದ ಫೋನ್ ಮಾಡುತ್ತಾರೆ. ನಾನು ಡಿಗ್ರಿ ಮುಗಿಸಿ ಊರಿಗೆ ಬಂದು ರೆಡಿಮೇಡ್ ಆನ್‌ಲೈನ್ ಅಂಗಡಿ ಒಂದಕ್ಕೆ ತಿಂಗಳ ಬಾಡಿಗೆ ಕಟ್ಟಿ ಶುರು ಮಾಡಿದೆ. ಅದು ಟೀ ಶರ್ಟ್ ಮಾರುವವರಿಗೆ ಮಾಡಿದ್ದು. "ಸ್ಟಾಕ್ ಎಷ್ಟು" ಅಂತ ಕೇಳುತ್ತದೆ. ನಮ್ಮದು ಪ್ರತಿ ಸೀರೆಯೂ ಒಂದೇ! ಆನ್‌ಲೈನಿನಲ್ಲಿ ಒಬ್ಬರು ನೋಡುತ್ತಿರುವಾಗಲೇ ಮನೆಗೆ ಬಂದವರಿಗೆ ಅಮ್ಮ ಕೊಟ್ಟುಬಿಟ್ಟರು. ಇಬ್ಬರದೂ ದುಡ್ಡು ಬಂತು. ಆನ್‌ಲೈನಿನವರಿಗೆ ವಾಪಸ್ ಕಳಿಸಿ, ಕ್ಷಮೆ ಕೇಳಿ, ಅವರು ಮತ್ತೆ ಫೋನ್ ಮಾಡಲಿಲ್ಲ. ಮಗಳ ಮದುವೆಗೆ ಅಂತ ಆಸೆಯಿಂದ ಆರಿಸಿದ್ದರು.

ಬಣ್ಣದ ಸಮಸ್ಯೆಯೂ ಇದೆ. ಫೋನಿನ ಫೋಟೋದಲ್ಲಿ ಅರಿಶಿನ ಬಣ್ಣ ಬೇರೆ ಕಾಣುತ್ತದೆ. ಈಗ ಬೆಳಗ್ಗೆ ಜಗಲಿ ಮೇಲೆ, ಬಿಸಿಲು ನೇರ ಬೀಳದ ಕಡೆ, ಬಿಳಿ ಪಂಚೆ ಪಕ್ಕದಲ್ಲಿ ಇಟ್ಟು ತೆಗೆಯುತ್ತೇನೆ. ಬಿಳಿ ಪಕ್ಕದಲ್ಲಿದ್ದರೆ ನೋಡುವವರಿಗೆ ಅಂದಾಜು ಸಿಗುತ್ತದೆ.

ಅಣ್ಣನ ಐದು ಹಂತ ಓದಿದಾಗ ಅನಿಸಿತು, ನಮಗೂ ಇದೇ ಬೇಕಲ್ವಾ? ಬಣ್ಣ ಒಪ್ಪಿದರು, ಹಾಸು ಹಾಕಿದೆವು, ಮಗ್ಗದ ಮೇಲಿದೆ, ಸೆರಗು ಬಂತು, ಮಡಿಚಿದೆವು.

ದುರ್ಗದ ಪ್ರೋಗ್ರಾಮರ್

ಹೌದು ತಂಗಿ, ಒಳಗಿನ ಕಟ್ಟು ಎರಡಕ್ಕೂ ಒಂದೇ. ಮಾತು ಮಾತ್ರ ಬೇರೆ. "ಸೆರಗು ಬಂತು" ಅಂತ ಒಂದು ಫೋಟೋ ಹೋದರೆ ಕೊಳ್ಳುವವರು ಎಷ್ಟು ಖುಷಿಪಡುತ್ತಾರೆ ನೋಡಿ. ರೆಡಿಮೇಡ್ ಅಂಗಡಿಯಲ್ಲಿ ಈ ಮಾತೇ ಇರಲ್ಲ, ಅದಕ್ಕೇ ಸ್ವಂತದ್ದು ಬೇಕು ಅನ್ನುವುದು.

ಡಬಲ್ ಮಾರಾಟಕ್ಕೆ: "ಕೊಳ್ಳುತ್ತೇನೆ" ಒತ್ತಿದ ತಕ್ಷಣ ಆ ಸೀರೆಯನ್ನು ಹದಿನೈದು ನಿಮಿಷ ಬೇರೆ ಯಾರಿಗೂ ಸಿಗದ ಹಾಗೆ ಹಿಡಿದಿಡಬೇಕು, ದುಡ್ಡು ಬರದಿದ್ದರೆ ಬಿಡಬೇಕು. ಆದರೆ ಅಮ್ಮನಿಗೂ ಒಂದು ದಾರಿ ಬೇಕು. ಸೀರೆಗೆ ಒಂದು ಚೀಟಿ ಹೊಲಿದು ಕ್ಯೂಆರ್ ಹಾಕಿ, ಮನೆಯಲ್ಲಿ ಮಾರುವ ಮೊದಲು ಅಮ್ಮ ಫೋನಿನಲ್ಲಿ ಅದನ್ನು ತೋರಿಸಿದರೆ ಹಸಿರೋ ಕೆಂಪೋ ಬರಬೇಕು. ಅಕ್ಷರ ಓದುವ ಗೋಜೇ ಬೇಡ.

ಲೆಕ್ಕಪತ್ರದವರು

ನಾನು ಜಿಎಸ್‌ಟಿ, ಲೆಕ್ಕಪತ್ರ ನೋಡಿಕೊಳ್ಳುವವನು. ಒಂದು ಎಚ್ಚರಿಕೆ ಹೇಳಲೇಬೇಕು. ಎಲ್ಲವನ್ನೂ ಸ್ವಂತ ಸಿಸ್ಟಂನಲ್ಲಿ ಮಾಡಿಸಲು ಹೋಗಬೇಡಿ. ಲೆಕ್ಕ, ಬಿಲ್ಲು, ರಿಟರ್ನ್ ಇವಕ್ಕೆ ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್ ಇದೆ, ಅದನ್ನೇ ಇಟ್ಟುಕೊಳ್ಳಿ. ನಿಯಮ ಬದಲಾಗುತ್ತಲೇ ಇರುತ್ತದೆ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಆಮೇಲೆ 50,000 ರೂಪಾಯಿ ದಾಟಿದ ಸರಕು ಸಾಗಣೆಗೆ ಇ-ವೇ ಬಿಲ್ ಬಂತು. ಬಿಲ್ಲನ್ನು ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸುವ ಇ-ಇನ್‌ವಾಯ್ಸ್ ಮೊದಲು ದೊಡ್ಡ ಕಂಪನಿಗಳಿಗಿತ್ತು, ಇಳಿಯುತ್ತಾ ಇಳಿಯುತ್ತಾ 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ವಹಿವಾಟು ದಾಟಿದವರಿಗೂ ಬಂದಿದೆ. ಪ್ರತಿ ಸಲ ನಿಮ್ಮ ಪ್ರೋಗ್ರಾಮರ್ ಅದನ್ನು ಬರೆಯುತ್ತಾ ಕೂರಬೇಕಾ? ನಿಮ್ಮ ಸಿಸ್ಟಂ ದಿನದ ಮಾರಾಟವನ್ನು ಟ್ಯಾಲಿಗೆ ಕಳಿಸಿದರೆ ಸಾಕು.

ಇನ್ನೊಂದು ಯುಪಿಐ. ದುಡ್ಡು ಹಾಕಿದ್ದೇನೆ ಅಂತ ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನೋಡಿ "ಬಂತು" ಅಂತ ಒತ್ತಬೇಡಿ. ಅದನ್ನು ಯಾರು ಬೇಕಾದರೂ ತಯಾರು ಮಾಡಬಹುದು. ನಿಮ್ಮ ಬ್ಯಾಂಕಿನ ಕಡೆಯಿಂದ ಬಂದ ಸಂದೇಶ ನೋಡಿ ಒತ್ತಿ. ಬಿಲ್ಲಿನ ಮೊತ್ತ, ನಂಬರ್ ತುಂಬಿದ ಕ್ಯೂಆರ್ ಮಾಡಿಸಿದರೆ ಯಾರ ದುಡ್ಡು ಯಾವ ಬಿಲ್ಲಿಗೆ ಅಂತ ಹುಡುಕುವ ಕೆಲಸ ತಪ್ಪುತ್ತದೆ.

ಚೌಕಿಪೇಟೆ ಬಟ್ಟೆ

ಖರ್ಚಿನ ಮಾತು ಯಾರೂ ಆಡಲಿಲ್ಲ. ಅಣ್ಣ, ಬಿಚ್ಚಿ ಹೇಳಿ.

ಮೋಟಾರ್ ಅಂಗಡಿ, ದಾವಣಗೆರೆ

ಹೇಳುತ್ತೇನೆ ಅಕ್ಕ. ಒಟ್ಟು ಒಂದು ಹೊಸ ಹತ್ತು ಎಚ್‌ಪಿ ಮೋಟಾರ್ ಪಂಪ್ ಸೆಟ್ಟಿನ ಆಸುಪಾಸು ಆಯ್ತು. ಒಂದೇ ಸಲ ಕೊಡಲಿಲ್ಲ. ಮೊದಲು ಬರೀ ಬಿಲ್ಲೆ ನಂಬರ್ ಮತ್ತು ಐದು ಹಂತ ಮಾಡಿಸಿದೆವು, ಅದನ್ನು ಒಂದು ತಿಂಗಳು ಬಳಸಿ, ಆಮೇಲೆ ಮೆಸೇಜು, ಆಮೇಲೆ ಸ್ಪೇರ್ಸ್ ಲೆಕ್ಕ. ವರ್ಷಕ್ಕೆ ಸರ್ವರ್, ಡೊಮೇನ್ (ವೆಬ್‌ಸೈಟಿನ ವಿಳಾಸ), ಎಸ್‌ಎಂಎಸ್, ಮತ್ತು ಆ ಹುಡುಗನ ನಿರ್ವಹಣೆ ದುಡ್ಡು ಬೇರೆ. ನಿರ್ವಹಣೆ ದುಡ್ಡು ಉಳಿಸಲು ಹೋಗಬೇಡಿ. ಮೋಟಾರಿಗೂ ಬುಷ್, ಬೇರಿಂಗ್ ಬದಲಿಸಬೇಕು ತಾನೇ.

ಆದರೆ ನನ್ನ ಹೊಟ್ಟೆ ಉರಿದದ್ದು ಇದಕ್ಕಲ್ಲ, ಇದರ ಮುಂಚಿನ ವೆಬ್‌ಸೈಟಿಗೆ. ಐದು ವರ್ಷದ ಹಿಂದೆ ಒಬ್ಬರು ಬಂದು ಮಾಡಿಕೊಟ್ಟರು. ಮೇಲೆ ಓಡುವ ಚಿತ್ರಗಳು, ತಲೆಗೆ ಹಳದಿ ಹೆಲ್ಮೆಟ್ ಹಾಕಿದ ಯಾರೋ ಹೊರದೇಶದವರು. ನಮ್ಮ ಅಂಗಡಿಯ ಒಂದು ಫೋಟೋ ಇಲ್ಲ, ಒಂದು ಅಕ್ಷರ ಕನ್ನಡ ಇಲ್ಲ. ಒಬ್ಬರೂ ಅದನ್ನು ನೋಡಿ ಬರಲಿಲ್ಲ. ಎರಡು ವರ್ಷ ಆದ ಮೇಲೆ ಅವರ ಫೋನು ಸ್ವಿಚ್ ಆಫ್. ಡೊಮೇನ್ ಅವರ ಹೆಸರಿನಲ್ಲಿತ್ತು! ಅಪ್ಪನ ಹೆಸರಿನಲ್ಲಿ ಇಟ್ಟ ಅಂಗಡಿಯ ವಿಳಾಸ ಬೇರೆ ಯಾರದೋ ಕೈಗೆ ಹೋಯಿತು. ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾದ ಆ ವಿಳಾಸ ಒತ್ತಿದರೆ ಈಗ ಇನ್ನೇನೋ ತೆರೆಯುತ್ತದೆ. ಎರಡು ಸಾವಿರ ಕಾರ್ಡು ಬಾಯ್ಲರಿಗೆ ಹಾಕಿದೆವು.

ಅದಕ್ಕೆ ಕೈ ಮುಗಿದು ಹೇಳುತ್ತೇನೆ: ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ, ನಿಮ್ಮ ಕಾರ್ಡಿನಿಂದಲೇ ತೆಗೆಯಿರಿ. ಸರ್ವರಿನ ಪಾಸ್‌ವರ್ಡ್ ನಿಮ್ಮ ಬೀರುವಿನಲ್ಲೂ ಒಂದು ಇರಲಿ. ಕೋಡ್ ಯಾರದು ಅಂತ ಕಾಗದದ ಮೇಲೆ ಬರೆಸಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ, ಒಳ್ಳೆಯ ಪ್ರೋಗ್ರಾಮರ್ ಬೇಜಾರು ಮಾಡಿಕೊಳ್ಳಲ್ಲ.

ದುರ್ಗದ ಪ್ರೋಗ್ರಾಮರ್

ಮಾಡಿಕೊಳ್ಳಬಾರದು ಕೂಡ. ಜೊತೆಗೆ ಪ್ರತಿ ರಾತ್ರಿ ಬ್ಯಾಕಪ್ ಬೇರೆ ಜಾಗಕ್ಕೆ ಹೋಗುತ್ತಿದೆಯಾ ಕೇಳಿ. ಹೋಗುತ್ತಿದೆ ಅಂದರೆ ಸಾಲದು, ಮೂರು ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ತೋರಿಸಲು ಹೇಳಿ. ತೆರೆಯದ ಬ್ಯಾಕಪ್ ನಾನು ಕಣ್ಣಾರೆ ನೋಡಿದ್ದೇನೆ. ನಾಲ್ಕು ವರ್ಷದ ಗಿರಾಕಿ ಲೆಕ್ಕ ಹೋಗಿತ್ತು. ಹಾಗೇ, ವಿಳಾಸದ ಮುಂದೆ https ಬರಲು (ಸೈಟಿಗೆ ಹೋಗುವ ಮಾಹಿತಿಯನ್ನು ದಾರಿಯಲ್ಲಿ ಯಾರೂ ಓದದ ಹಾಗೆ ಮಾಡುವುದು) ವರ್ಷಕ್ಕೆ ಇಷ್ಟು ಅಂತ ಯಾರಾದರೂ ದೊಡ್ಡ ಮೊತ್ತ ಕೇಳಿದರೆ ಒಪ್ಪಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವೆ ಅದನ್ನು ಉಚಿತವಾಗಿ ಕೊಡುತ್ತದೆ.

ಬಿಇ ಮುಗಿಸಿದವಳು

ನಾನು ಇಲ್ಲೇ ದಾವಣಗೆರೆಯಲ್ಲಿ ಓದಿ ಈಗ ಮನೆಯಲ್ಲಿದ್ದೇನೆ. ಎಲ್ಲರೂ ಬೆಂಗಳೂರಿಗೆ ಹೋಗು ಅನ್ನುತ್ತಾರೆ. ಇಲ್ಲಿರುವಷ್ಟು ಕೆಲಸ ನೋಡಿ ಮನಸ್ಸು ಬದಲಾಗುತ್ತಿದೆ. ಮಂಡಿ ಗುಮಾಸ್ತ ಸರ್, ನಿಮ್ಮ ಚೀಲದ ಲೆಕ್ಕ ನಾನು ಮಾಡಿಕೊಡಲಾ? ಮೊದಲು ಬಂದು ಎರಡು ದಿನ ಅಂಗಡಿಯಲ್ಲಿ ಕೂರುತ್ತೇನೆ.

ಮಂಡಿ ಗುಮಾಸ್ತ

ಬಾ ಮಗಳೇ. ಸೋಮವಾರ ಬೇಡ, ಆವಕ ಜಾಸ್ತಿ. ಬುಧವಾರ ಬೆಳಗ್ಗೆ ಬಾ. ಯಜಮಾನರಿಗೆ ನಾನು ಹೇಳಿರುತ್ತೇನೆ. ಹಳೇ ಖಿರ್ದಿ ಪುಸ್ತಕ ಮೂರು ವರ್ಷದ್ದು ತೆಗೆದಿಡುತ್ತೇನೆ, ಅದರಲ್ಲಿ ನಾನು ಅಂಚಿನಲ್ಲಿ ಬರೆದ ಗುರುತುಗಳಿವೆ, ಅವನ್ನು ಕೇಳಿ ತಿಳಿದುಕೋ.

ಮೊಳಕಾಲ್ಮೂರು ಮಗ್ಗ

ನಾನೂ ಇವತ್ತಿನಿಂದ ಕ್ಯಾಲೆಂಡರ್ ಹಿಂದೆ ಗೀಟು ಹಾಕುತ್ತಿದ್ದೇನೆ. ಸಂಜೆ ತನಕ ಹನ್ನೊಂದು ಕರೆ, ಆರು "ಯಾವಾಗ ಆಗುತ್ತೆ". ಮೋಟಾರ್ ಅಣ್ಣ, ಆ ನಂಬರ್ ಪಂಚ್ ಎಲ್ಲಿ ಸಿಗುತ್ತದೆ? ಮಗ್ಗಕ್ಕೂ ಒಂದೊಂದು ಬಿಲ್ಲೆ ಕಟ್ಟೋಣ ಅಂತ.

ಮೋಟಾರ್ ಅಂಗಡಿ, ದಾವಣಗೆರೆ

ಹಾರ್ಡ್‌ವೇರ್ ಅಂಗಡಿಯಲ್ಲಿ ನಂಬರ್ ಪಂಚ್ ಸೆಟ್ ಅಂತ ಕೇಳಮ್ಮ, ಸೊನ್ನೆಯಿಂದ ಎಂಟರ ತನಕ ಒಂಬತ್ತು ತುಂಡು ಇರುತ್ತದೆ. ಒಂಬತ್ತಕ್ಕೆ ಬೇರೆ ಕೊಡಲ್ಲ, ಆರನ್ನೇ ತಿರುಗಿಸಿ ಹೊಡೆಯಬೇಕು. ಅದಕ್ಕೆ ಬಿಲ್ಲೆಯ ತೂತು ಯಾವಾಗಲೂ ಮೇಲಿನ ಬದಿಗೇ ಇರಲಿ, ಇಲ್ಲದಿದ್ದರೆ 66 ಯಾವುದು 99 ಯಾವುದು ತಿಳಿಯಲ್ಲ. ನಮಗೆ ಮೊದಲ ವಾರ ಹಾಗೇ ಆಗಿತ್ತು.